ಭರಣಿ ಮಳೆಗೆ ಮುನ್ನ

ಏಪ್ರಿಲ್ ಕೊನೆಯ ವಾರ ಬಂತೆಂದರೆ ನಮ್ಮ ಮನೆಯವರಿಗೆಲ್ಲ ಆಕಾಶದ ಮೇಲೇ ಕಣ್ಣು. ಅಶ್ವಿನಿ ಮಳೆ ನಾಲ್ಕು ಹನಿ ಚೆಲ್ಲಿ ಹೋಗಿರುತ್ತದೆ. ಮುಂದೆ ನಿಂತಿರುವುದು ಭರಣಿ. ಭರಣಿ ಸುರಿದರೆ ಧರಣಿ ಬದುಕಿತು ಎನ್ನುವ ಗಾದೆಯನ್ನು ಅತ್ತೆಯೂ ಬಲ್ಲರು. ಆದರೆ ಅಂಗಳದ ತುಂಬ ಹಲಸಿನ ಹಪ್ಪಳ ಹರವಿಕೊಂಡು ಕೂತವರಿಗೆ ಭರಣಿ ಇನ್ನೆಂಟು ದಿನ ತಡವಾಗಿ ಬಂದರೇ ಚೆಂದ. ಮಧ್ಯಾಹ್ನ ಮೂರರ ಹೊತ್ತಿಗೆ ಗುಡ್ಡದ ಮೇಲೆ ಮೋಡ ಕಪ್ಪಾಯಿತೋ, ತೋಟದಲ್ಲಿದ್ದವರು, ಅಡುಗೆಮನೆಯಲ್ಲಿದ್ದವರು, ರಜೆಗೆ ಬಂದ ಮಕ್ಕಳು ಎಲ್ಲರೂ ಚಾಪೆಯ ಒಂದೊಂದು ತುದಿ ಹಿಡಿದು ಜಗುಲಿಗೆ ಓಡುತ್ತಾರೆ. ಅರೆ ಒಣಗಿದ ಹಪ್ಪಳ ಒಮ್ಮೆ ನೆನೆಯಿತೆಂದರೆ ಮಾರನೆಯ ಬೆಳಗ್ಗೆ ಅದರ ಮೇಲೆ ಬೂಷ್ಟು.

ಶಿರಸಿ ತಾಲ್ಲೂಕಿನ ಒಂದು ಕಣಿವೆಯಲ್ಲಿ ನಮ್ಮದು ಮೂರು ಎಕರೆ ತೋಟ. ಅಡಿಕೆ ಇದೆ, ಅದಕ್ಕೆ ಹಬ್ಬಿದ ಕಾಳುಮೆಣಸು ಇದೆ, ನಡುನಡುವೆ ಬಾಳೆ, ಏಲಕ್ಕಿ, ಜಾಯಿಕಾಯಿ. ಅಂಚಿನಲ್ಲಿ ಹಲಸು, ಮುರುಗಲು, ಹಳ್ಳದ ಬದಿಗೆ ಎರಡು ಅಪ್ಪೆಮಾವು. ಮಾರ್ಚ್‌ನಿಂದ ಮೇವರೆಗಿನ ಮೂರು ತಿಂಗಳಲ್ಲಿ ಹಲಸು, ಮುರುಗಲು, ಮಾವಿನ ಮಿಡಿ, ಬಾಳೆ ಒಟ್ಟಿಗೇ ಕೈಗೆ ಬರುತ್ತವೆ, ಪ್ರತಿಯೊಂದೂ ಸ್ವಲ್ಪ ಸ್ವಲ್ಪ. ಅರವತ್ತು ಹಲಸಿನಕಾಯಿಗೆ ಲಾರಿ ಬರುವುದಿಲ್ಲ. ಎರಡು ಮರದ ಮುರುಗಲಿಗೆ ವ್ಯಾಪಾರಿ ಫೋನೆತ್ತುವುದಿಲ್ಲ. ಎಂಟು ಗೊನೆ ಬಾಳೆಯನ್ನು ಪೇಟೆಗೆ ಒಯ್ದರೆ ಜೀಪಿನ ಬಾಡಿಗೆ ಹುಟ್ಟುವುದಿಲ್ಲ. ಬಗೆಬಗೆಯ ಬೆಳೆ ಬೆಳೆಯಿರಿ ಎಂದು ಹೇಳುವ ಭಾಷಣಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಬೆಳೆದ ಮೇಲೆ ಆ ಹತ್ತು ಬಗೆಯ ಚಿಲ್ಲರೆಯನ್ನು ಏನು ಮಾಡಬೇಕೆಂದು ಅಲ್ಲಿ ಯಾರೂ ಹೇಳಿದ್ದಿಲ್ಲ. ನಮಗೆ ಅದನ್ನು ಹೇಳಿಕೊಟ್ಟದ್ದು ಅಡುಗೆಮನೆ. ಉಪ್ಪು, ಬಿಸಿಲು, ಬೆಲ್ಲ, ಬೆಂಕಿ ಈ ನಾಲ್ಕು ಇಲ್ಲದಿದ್ದರೆ ನಮ್ಮ ತೋಟ ಬರೀ ಅಡಿಕೆ ತೋಟವಾಗಿ ಉಳಿಯುತ್ತಿತ್ತು ಎಂದು ಈಗ ನನಗೆ ಖಾತ್ರಿಯಾಗಿದೆ.

ಉಳಿದೂ ಇತ್ತು. ಅಡಿಕೆಗೆ ಬೆಲೆ ಏರಿದ ವರ್ಷಗಳಲ್ಲಿ ಮಾವನವರೂ ಎಲ್ಲರಂತೆ ಅಂಚಿನ ಮರ ತೆಗೆಸಿ ಸಸಿ ಹಾಕಿದ್ದರು, ಗೊಬ್ಬರದ ಚೀಲ ತಂದಿದ್ದರು. ಅದೇ ಕಾಲಕ್ಕೆ ನಮ್ಮ ಕಡೆಯ ಜಗುಲಿಗಳಿಗೆ ಬೇರೆ ಮಾತೂ ಬಂದು ತಲುಪುತ್ತಿತ್ತು. ಜಪಾನಿನ ಮಸನೊಬು ಫುಕುವೊಕಾನ ಸಹಜ ಕೃಷಿಯ ವಿಚಾರವನ್ನು ಕನ್ನಡದಲ್ಲಿ ಓದಿದವರು ಊರಿಗೊಬ್ಬರಾದರೂ ಇದ್ದರು. ದೊಡ್ಡಬಳ್ಳಾಪುರದ ಬಳಿಯ ಎಲ್. ನಾರಾಯಣ ರೆಡ್ಡಿಯವರ ತೋಟ ನೋಡಲು ಬಸ್ಸು ಹತ್ತಿ ಹೋಗಿ ಬಂದವರಿದ್ದರು. ಪುತ್ತೂರಿನಿಂದ 1988ರಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ ರೈತರ ಅನುಭವವನ್ನು ರೈತರ ಕೈಯಲ್ಲೇ ಬರೆಸುತ್ತಿತ್ತು. ಹಲಸನ್ನು ಬಡವರ ಹಣ್ಣೆಂದು ಮೂಲೆಗೆ ತಳ್ಳಿದ ಕಾಲದಲ್ಲಿ ಅದರ ಪರವಾಗಿ ವರ್ಷಗಟ್ಟಲೆ ಬರೆದದ್ದೂ ಆ ಪತ್ರಿಕೆಯೇ. ನನ್ನ ಗಂಡ ಓದಿ ಬದಲಾದದ್ದು ಇವುಗಳಿಂದ. ಪರ್ಮಾಕಲ್ಚರ್ ಎಂಬ ಪದ ನಮ್ಮ ಮನೆಗೆ ಬಂದದ್ದು ಇನ್ನೂ ತಡವಾಗಿ.

ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿದ್ದ ಬಿಲ್ ಮೊಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ‘ಪರ್ಮನೆಂಟ್’ ಹಾಗೂ ‘ಅಗ್ರಿಕಲ್ಚರ್’ ಎಂಬ ಎರಡು ಪದ ಬೆಸೆದು ಈ ಹೆಸರಿಟ್ಟರು. ಅವರ ಮೊದಲ ಪುಸ್ತಕ ಬಂದದ್ದು 1978ರಲ್ಲಿ. ಅವರ ಪದ್ಧತಿಯಲ್ಲಿ ನನಗೆ ತಟ್ಟನೆ ಹಿಡಿಸಿದ್ದು ವಲಯಗಳ ಲೆಕ್ಕ. ಮನೆ ಸೊನ್ನೆಯ ವಲಯ. ದಿನಕ್ಕೆ ಹತ್ತು ಸಲ ಕೈ ಬೇಡುವ ಗಿಡ ಒಂದನೆಯ ವಲಯದಲ್ಲಿ, ಮನೆಯ ಪಕ್ಕದಲ್ಲೇ. ಕೈ ಕಡಿಮೆ ಬೇಕಾದಂತೆ ಗಿಡ ದೂರ ದೂರಕ್ಕೆ. ಐದನೆಯದು ಕಾಡು, ಅಲ್ಲಿ ನಾವು ಏನೂ ಮಾಡುವುದಿಲ್ಲ, ನೋಡಿ ಕಲಿಯುತ್ತೇವೆ ಅಷ್ಟೆ. ಇದನ್ನು ಅತ್ತೆಗೆ ವಿವರಿಸಿದಾಗ ಅವರು ತಾವು ಕೂತಲ್ಲಿಂದಲೇ ಬೆರಳು ಮಡಚಿ ಎಣಿಸಿದರು: ಮನೆ, ಅಂಗಳ, ಹಿತ್ತಲು, ತೋಟ, ಬೆಟ್ಟ, ಕಾನು. ಆರಕ್ಕೆ ಆರೂ ಸರಿಹೊಂದಿತು. ಹಿತ್ತಲಿನಲ್ಲಿ ಕರಿಬೇವು, ಕೆಸು, ಬಸಳೆ, ಗಾಂಧಾರಿ ಮೆಣಸು. ಕಾನಿನಲ್ಲಿ ಉಪ್ಪಾಗೆ, ವಾಟೆ, ಜೇನು.

ಈ ಆರರಲ್ಲಿ ಬೆಟ್ಟದ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಹೊರಗಿನವರಿಗೆ ಅದು ಗೊತ್ತಿರುವುದಿಲ್ಲ. ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದ ಬಂದಿದೆ. ನೆಲ ಸರ್ಕಾರದ್ದು, ಸೊಪ್ಪು ದರಕಿನ ಹಕ್ಕು ತೋಟದವರದ್ದು. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಬಂದು ದನದ ಕಾಲಡಿ ಹಾಸಾಗಿ, ಸಗಣಿ ಗಂಜಲ ಕುಡಿದು ಗೊಬ್ಬರವಾಗಿ ತೋಟಕ್ಕಿಳಿಯುತ್ತದೆ. ಹಾಗಾಗಿ ಮೂರು ಎಕರೆ ತೋಟ ಎಂದು ನಾನು ಹೇಳುವಾಗ ಅದು ಪೂರ್ತಿ ನಿಜವಾಗುವುದಿಲ್ಲ. ಅದರ ಬೆನ್ನಿಗೆ ಎಷ್ಟೋ ಎಕರೆ ಕಾಡಿನ ಎಲೆ ಇದೆ. ಬೆಟ್ಟ ಬೋಳಾದ ಮನೆಗಳ ತೋಟ ಹೇಗೆ ಸೊರಗುತ್ತದೆಂದು ನಮ್ಮ ಕಣಿವೆಯಲ್ಲೇ ಕಂಡಿದ್ದೇವೆ. ಇನ್ನೊಂದು ನಿಜವನ್ನೂ ಸೇರಿಸುತ್ತೇನೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ನಾವು ಇಂದಿಗೂ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಸುತ್ತೇವೆ, ಮೈಲುತುತ್ತ ಮತ್ತು ಸುಣ್ಣ. ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಒಂದು ಶತಮಾನದ ಹಿಂದೆ ಅಡಿಕೆ ಬೆಳೆಗಾರರಿಗೆ ತೋರಿಸಿಕೊಟ್ಟ ಆ ದಾರಿಯನ್ನು ಬಿಡುವ ಧೈರ್ಯ ನಮಗೆ ಬಂದಿಲ್ಲ. ನಾವು ಮಾರುವ ಉಪ್ಪಿನಕಾಯಿಯ ಸೀಸೆಗಳ ಮೇಲೆ ‘ಸಾವಯವ’ ಎಂದು ಅಚ್ಚಾಗಿಲ್ಲ. ಆ ಪದಕ್ಕೆ ಸಾಮಾನ್ಯವಾಗಿ ಪ್ರಮಾಣಪತ್ರ ಬೇಕು, ನಾವು ಅದನ್ನು ಪಡೆದಿಲ್ಲ. ಕೇಳಿದವರಿಗೆ ಏನು ಹಾಕುತ್ತೇವೆ, ಏನು ಹಾಕುವುದಿಲ್ಲ ಎಂದು ಹೇಳುತ್ತೇವೆ.

ಇನ್ನು ಉಪ್ಪಿನಕಾಯಿಗೆ ಬರುವ ಮಾವಿನ ಮಿಡಿಯ ವಿಷಯ. ಅಪ್ಪೆಮಿಡಿಗೆ 2009ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಅಘನಾಶಿನಿ, ಶರಾವತಿ, ಬೇಡ್ತಿ, ವರದೆಯ ದಂಡೆಗಳಲ್ಲಿ ತಾನಾಗಿ ಬೆಳೆದ ಕಾಡುಮಾವು ಇದು. ಅನಂತಭಟ್ಟನ ಅಪ್ಪೆ, ಮಾಲಂಜಿ, ಹಳದೋಟ, ಕರ್ನಕುಂಡಲ, ಜೀರಿಗೆ ಎಂದು ಒಂದೊಂದು ಮರಕ್ಕೆ ಒಂದೊಂದು ಹೆಸರು. ಹೆಸರು ಬಂದದ್ದು ಮರ ನಿಂತ ಜಾಗದಿಂದ, ಮಿಡಿಯ ಆಕಾರದಿಂದ ಅಥವಾ ತೊಟ್ಟು ಮುರಿದಾಗ ಮೂಗಿಗೆ ಹತ್ತುವ ಪರಿಮಳದಿಂದ. ಆ ಪರಿಮಳವೆಲ್ಲ ಇರುವುದು ಸೊನೆಯಲ್ಲಿ. ಟರ್ಪೀನ್ ಎಂಬ ವರ್ಗದ ಸುವಾಸನಾ ದ್ರವ್ಯಗಳು ಅದರಲ್ಲಿ ತುಂಬಿಕೊಂಡಿರುತ್ತವೆ. ಆದ್ದರಿಂದ ಮಿಡಿಯನ್ನು ತೊಟ್ಟು ಸಮೇತ ಕೊಯ್ಯಬೇಕು, ಸೊನೆ ಸೋರಿಹೋಗಬಾರದು. ನೆಲಕ್ಕೆ ಉದುರಿಸಿದ ಮಿಡಿ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಪೆಟ್ಟಾಗಿರುತ್ತದೆ. ಅಂಥದ್ದೊಂದು ಸೇರಿದರೆ ಇಡೀ ಭರಣಿಯ ಉಪ್ಪಿನಕಾಯಿ ಮೆತ್ತಗಾಗುತ್ತದೆ. ಕೊಯ್ಯುವವರು ಮರ ಹತ್ತಿ, ಕೊಕ್ಕೆಯಿಂದ ಕೊಂಬೆ ಬಗ್ಗಿಸಿ, ಗೊಂಚಲನ್ನು ಚೀಲಕ್ಕೆ ಹಾಕಿ, ಹಗ್ಗದಲ್ಲಿ ಇಳಿಸುತ್ತಾರೆ. ಇವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ನಮ್ಮ ಮರ ಹತ್ತುವವರಿಗೆ ಅರವತ್ತು ದಾಟಿದೆ, ಅವರ ಮಕ್ಕಳು ಮರ ಹತ್ತುವುದಿಲ್ಲ, ಹತ್ತಲಿ ಎಂದು ನಾನು ಯಾವ ಬಾಯಲ್ಲಿ ಹೇಳಲಿ?

ಮಿಡಿಯನ್ನು ಒರೆಸಿ, ತೊಟ್ಟನ್ನು ಅರ್ಧ ಇಂಚಿಗೆ ಕತ್ತರಿಸಿ, ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು. ನಮ್ಮ ಮನೆಯ ಲೆಕ್ಕ ನಾಲ್ಕು ಕೆ.ಜಿ. ಮಿಡಿಗೆ ಒಂದು ಕೆ.ಜಿ. ಉಪ್ಪು. ನೀರು ಹಾಕುವುದಿಲ್ಲ. ಉಪ್ಪೇ ಮಿಡಿಯೊಳಗಿನ ನೀರನ್ನು ಹೊರಗೆಳೆಯುತ್ತದೆ. ಎರಡು ಮೂರು ದಿನದಲ್ಲಿ ಮಿಡಿ ತನ್ನದೇ ನೀರಿನಲ್ಲಿ ಮುಳುಗುತ್ತದೆ, ಮೇಲೆ ತೇಲದಂತೆ ಕಲ್ಲು ಹೇರುತ್ತೇವೆ. ದಿನಕ್ಕೊಮ್ಮೆ ಒಣ ಕೈಯಿಂದ ತಿರುವಬೇಕು. ಹದಿನೈದು ಇಪ್ಪತ್ತು ದಿನಕ್ಕೆ ಮಿಡಿ ಸುಕ್ಕುಗಟ್ಟಿ, ಹಸಿರು ಹೋಗಿ, ಆಲಿವ್ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಆ ಉಪ್ಪುನೀರನ್ನು ಸೋಸಿ ಕುದಿಸಿ ಆರಿಸಬೇಕು. ‘ತಣ್ಣಗಾದ ಮೇಲೆಯೇ ಸಾಸಿವೆ ಬೀಸು’ ಎಂದು ಅತ್ತೆ ನನ್ನ ಮೊದಲ ವರ್ಷದಲ್ಲಿ ಹತ್ತು ಸಲ ಹೇಳಿದ್ದರು. ಕಾರಣ ಅವರಿಗೂ ಗೊತ್ತಿರಲಿಲ್ಲ, ಅವರ ಅತ್ತೆ ಹಾಗೆ ಹೇಳಿದ್ದರು. ನಾನು ಆಮೇಲೆ ಓದಿ ತಿಳಿದೆ: ಸಾಸಿವೆಯ ಘಾಟು ಕಾಳಿನಲ್ಲಿ ಸಿದ್ಧವಾಗಿ ಕೂತಿರುವುದಿಲ್ಲ. ಅರೆದು ಒದ್ದೆಯಾದಾಗ ಒಂದು ಕಿಣ್ವ ಕೆಲಸಕ್ಕಿಳಿದು ಅದನ್ನು ಹುಟ್ಟಿಸುತ್ತದೆ. ಬಿಸಿ ನೀರು ಬಿದ್ದರೆ ಕಿಣ್ವ ಸಾಯುತ್ತದೆ, ಘಾಟು ಹುಟ್ಟುವುದೇ ಇಲ್ಲ. ಆ ಘಾಟು ಬರೀ ರುಚಿಗಾಗಿ ಇಲ್ಲ. ಬೂಷ್ಟಿನ ವಿರುದ್ಧ ಕಾವಲಿಗೂ ಅದೇ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಸಣ್ಣ ಮೆಣಸು, ಅರಿಶಿನ ಸೇರಿಸಿ ರುಬ್ಬಿ ಮಿಡಿಗೆ ಕಲಸಿದರೆ ಆಯಿತು. ಎಣ್ಣೆ ಇಲ್ಲ, ವಿನೆಗರ್ ಇಲ್ಲ.

ನಾವು ಮಾರಲು ಶುರುಮಾಡಿ ಮೂರನೆಯ ವರ್ಷ ಒಂದು ತಪ್ಪು ಮಾಡಿದೆವು, ನಾನೇ ಮಾಡಿದೆ. ಬೆಂಗಳೂರಿನ ಗಿರಾಕಿಗಳು, ಅಮೆರಿಕಕ್ಕೆ ಸೂಟ್‌ಕೇಸಿನಲ್ಲಿ ಒಯ್ಯುವ ನಮ್ಮೂರಿನದೇ ಮಕ್ಕಳು, ಎಲ್ಲರ ಬಾಯಲ್ಲೂ ಒಂದೇ ಮಾತಾಗಿತ್ತು: ರುಚಿ ಒಳ್ಳೆಯದಿದೆ, ಉಪ್ಪು ಜಾಸ್ತಿ, ಬಿಪಿ ಇದೆ. ಅವರ ಮಾತಿಗೆ ಓಗೊಟ್ಟು ಆ ವರ್ಷ ಉಪ್ಪನ್ನು ಅರ್ಧಕ್ಕೆ ಇಳಿಸಿದೆ. ಅತ್ತೆ ಬೇಡವೆಂದರು. ಮಿಡಿಯ ಹುಳಿ ಅಪಾಯಕಾರಿ ಬ್ಯಾಕ್ಟೀರಿಯಾವನ್ನು ತಡೆಯುತ್ತದೆಂದು ನಾನು ಓದಿದ್ದೆ; ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಬಾಟುಲಿಸಂ ತರುವ ಜೀವಿ ಬೆಳೆಯಲಾರದು ಎಂಬುದು ಸರಿಯೇ. ಆದರೆ ಯೀಸ್ಟ್‌ಗೆ, ಬೂಷ್ಟಿಗೆ ಹುಳಿಯ ಹೆದರಿಕೆ ಇಲ್ಲ, ಅವಕ್ಕೆ ಉಪ್ಪೇ ಬೇಲಿ. ಜುಲೈ ಹೊತ್ತಿಗೆ, ಗೋಡೆಯೇ ಬೆವರುವ ಆ ಮಳೆಯಲ್ಲಿ, ಸೀಸೆಗಳ ಮುಚ್ಚಳ ಉಬ್ಬಿದವು. ತೆಗೆದರೆ ಬಿಳಿ ಪೊರೆ, ಮಿಡಿ ಒತ್ತಿದರೆ ಗಿಜಿಗಿಜಿ. ಕಳಿಸಿದವರಿಗೆಲ್ಲ ಫೋನು ಮಾಡಿ ತಿನ್ನಬೇಡಿ ಎಂದು ಹೇಳಿ ಹಣ ಹಿಂದಿರುಗಿಸಿದೆವು. ಉಳಿದದ್ದನ್ನು ಗುಂಡಿ ತೋಡಿ ಹುಗಿದೆವು. ಒಂದು ಇಡೀ ಮರದ ಆ ವರ್ಷದ ಫಲ ಅದು. ಅತ್ತೆ ಒಂದು ಮಾತೂ ಆಡಲಿಲ್ಲ, ಅದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಈಗ ನಾವು ಉಪ್ಪು ಇಳಿಸುವುದಿಲ್ಲ. ಒಂದು ಊಟಕ್ಕೆ ಒಂದು ಮಿಡಿ ಸಾಕು, ತೊಟ್ಟು ಹಿಡಿದು ಚೀಪಿ ಎಂದು ಸೀಸೆಯ ಚೀಟಿಯ ಮೇಲೆಯೇ ಬರೆದಿದ್ದೇವೆ.

ಹಲಸಿನ ಹಪ್ಪಳದ ವಿಧಾನ ಮಲೆನಾಡು ಕರಾವಳಿಯವರಿಗೆ ಹೊಸದಲ್ಲ. ಬಲಿತ, ಹಣ್ಣಾಗದ ಕಾಯಿ. ಬಕ್ಕೆಯಾದರೆ ಒಳ್ಳೆಯದು. ಕೈಗೆ ಕೊಬ್ಬರಿ ಎಣ್ಣೆ ಬಳಿದುಕೊಂಡು ಮೇಣ ತೆಗೆದು ಸೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಒರಳಿನಲ್ಲಿ ಕುಟ್ಟಿ, ಮೆಣಸು ಜೀರಿಗೆ ಕೊತ್ತಂಬರಿ ಉಪ್ಪು ಸೇರಿಸಿ, ಉಂಡೆ ಕಟ್ಟಿ, ಮಣೆಯಲ್ಲಿ ಒತ್ತಿ ಬಿಸಿಲಿಗೆ. ಬೇಳೆ ಸಾರಿಗೆ, ಸಿಪ್ಪೆ ದನಕ್ಕೆ, ಎಲೆ ಕೊಟ್ಟೆ ಕಡುಬಿಗೆ. ಮರದ ಮೈಗೆ ಹಬ್ಬಿದ ಕಾಳುಮೆಣಸಿನ ಬಳ್ಳಿ ಬೇರೆ. ಒಂದು ವಸ್ತು ಹಲವು ಕೆಲಸ ಮಾಡಬೇಕೆಂದು ಪರ್ಮಾಕಲ್ಚರ್ ಪಾಠದಲ್ಲಿ ಹೇಳುತ್ತಾರೆ, ಹಲಸನ್ನು ನೋಡಿಯೇ ಬರೆದರೋ ಎನ್ನಿಸುವಷ್ಟು.

ನಾನು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಬೆಲೆಯ ಹತ್ತಿರ. ಇಪ್ಪತ್ತೈದು ಹಪ್ಪಳದ ಕಟ್ಟನ್ನು ನಾವು ವರ್ಷಗಟ್ಟಲೆ 80 ರೂಪಾಯಿಗೆ ಮಾರಿದೆವು. ಪೇಟೆಯಲ್ಲಿ ಅದೇ ದರ, ನಮ್ಮದೂ ಅದೇ ಎಂದುಕೊಂಡಿದ್ದೆವು. ಒಂದು ಬೇಸಿಗೆ ನಾನು ಗಡಿಯಾರ ಇಟ್ಟುಕೊಂಡು ಕೂತೆ. ಅತ್ತೆ, ನಾನು, ಪಕ್ಕದ ಮನೆಯ ಇಬ್ಬರು, ಒಟ್ಟು ನಾಲ್ವರು, ಬೆಳಗಿನ ಆರಕ್ಕೆ ಕೂತು ಮಧ್ಯಾಹ್ನ ಒಂದಕ್ಕೆ ಎದ್ದೆವು. ಆದದ್ದು ಮುನ್ನೂರೈವತ್ತು ಹಪ್ಪಳ. ಇಪ್ಪತ್ತೆಂಟು ಗಂಟೆಯ ದುಡಿಮೆ. ಎಂಟು ಗಂಟೆಗೆ 400 ರೂಪಾಯಿ ಕೂಲಿ ಎಂದು ಹಿಡಿದರೂ 1,400 ರೂಪಾಯಿ. ಒಂದು ಹಪ್ಪಳಕ್ಕೆ 4, ಒಂದು ಕಟ್ಟಿಗೆ 100. ಹಲಸು, ಮೆಣಸು, ಉಪ್ಪು, ಕಟ್ಟಿಗೆ, ಎರಡು ದಿನ ಬಿಸಿಲಿನಲ್ಲಿ ಮಗುಚುವ ಕೆಲಸ, ಪೊಟ್ಟಣದ ಖರ್ಚು ಯಾವುದೂ ಇದರಲ್ಲಿಲ್ಲ. ಅಂದರೆ ಅಷ್ಟು ವರ್ಷ ನಾವು ಮನೆಯ ಹೆಂಗಸರ ಬೆನ್ನನ್ನು ಪುಕ್ಕಟೆ ಕೊಟ್ಟು ಹಪ್ಪಳ ಮಾರಿದ್ದೆವು. ‘ಗೃಹೋದ್ಯಮದಿಂದ ಲಾಭ’ ಎನ್ನುವ ಎಷ್ಟೋ ಕಥೆಗಳ ಒಳಗೆ ಈ ಲೆಕ್ಕ ಬಿಟ್ಟುಹೋಗಿರುತ್ತದೆ. ಊಟದ ಮೇಜಿನ ಮೇಲೆ ಆ ಕಾಗದ ಇಟ್ಟ ದಿನ ಗಂಡ ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಮಾರನೆಯ ವರ್ಷದಿಂದ ಒಂದು ಕಟ್ಟಿಗೆ 160 ರೂಪಾಯಿ ಮಾಡಿದೆವು. ಅತ್ತೆಯ ಹೆಸರಿನಲ್ಲಿ ಬ್ಯಾಂಕಿನ ಖಾತೆ ತೆರೆದೆವು, ಅವರ ಗಂಟೆಗಳ ಕೂಲಿ ಅದಕ್ಕೇ ಹೋಗುತ್ತದೆ. ಗಿರಾಕಿಗಳಲ್ಲಿ ಕೆಲವರು ಬಿಟ್ಟುಹೋದರು. ಉಳಿದವರಿಗೆ ಸಾಕಾಗುವಷ್ಟೇ ನಾವು ಮಾಡಬಲ್ಲೆವು ಕೂಡ.

ಮುರುಗಲಿಗೆ ಇಷ್ಟು ಕಷ್ಟವಿಲ್ಲ. ಹಣ್ಣೊಡೆದು ಬೀಜ ತೆಗೆದು, ಸಿಪ್ಪೆಯನ್ನು ಅದರದೇ ರಸದಲ್ಲಿ ಅದ್ದಿ ಅದ್ದಿ ಒಣಗಿಸಿದರೆ ವರ್ಷವಿಡೀ ಸಾರಿಗೆ, ಪಾನಕಕ್ಕೆ ಬರುತ್ತದೆ. ಬೀಜದ ತುಪ್ಪ ಒಡೆದ ಹಿಮ್ಮಡಿಗೆ. ಈ ಮರದಲ್ಲಿ ಗಂಡು ಹೆಣ್ಣು ಬೇರೆ ಬೇರೆ, ಬೀಜದಿಂದ ಎದ್ದ ಸಸಿ ಯಾವುದೆಂದು ತಿಳಿಯಲು ಏಳೆಂಟು ವರ್ಷ ಕಾಯಬೇಕು. ನಮ್ಮಲ್ಲಿ ಐದು ನೆಟ್ಟದ್ದರಲ್ಲಿ ಮೂರು ಗಂಡಾದವು. ಕಡಿಯೋಣವೆಂದಾಗ ಅತ್ತೆ ಒಂದಾದರೂ ಇರಲಿ ಎಂದರು. ಗಂಡಿಲ್ಲದೆ ಹೆಣ್ಣಿಗೆ ಕಾಯಿ ಎಲ್ಲಿಯದು. ಬಾಳೆಹಣ್ಣು ಒಣಗಿ ಸುಕೇಳಿಯಾಗುತ್ತದೆ, ಮಂಗ ಬಿಟ್ಟರೆ. ಈಗೀಗ ಮಂಗ ಬಿಡುವುದಿಲ್ಲ.

ಸರ್ಕಾರದ ಕಾಗದಪತ್ರಕ್ಕೆ ನಾನು ಮೊದಲು ಹೆದರಿದ್ದೆ, ಅಷ್ಟು ಹೆದರಬೇಕಾಗಿರಲಿಲ್ಲ. 2006ರ ಆಹಾರ ಸುರಕ್ಷತೆ ಕಾಯ್ದೆಯಡಿ ಮನೆಯಲ್ಲಿ ಮಾಡಿ ಮಾರುವವರೂ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಬೇಕು. ಸಣ್ಣವರಿಗೆ ಅದು ಸುಲಭದ್ದು. ನಾವು ಮಾಡಿಸಿದಾಗ ಶುಲ್ಕ ವರ್ಷಕ್ಕೆ 100 ರೂಪಾಯಿ. ಸಿಕ್ಕ 14 ಅಂಕಿಯ ಸಂಖ್ಯೆ, ತಯಾರಿಸಿದ ದಿನ, ತೂಕ, ಪದಾರ್ಥಗಳ ಪಟ್ಟಿ, ಸಸ್ಯಾಹಾರದ ಹಸಿರು ಚುಕ್ಕೆ ಚೀಟಿಯ ಮೇಲಿರಬೇಕು. ಕಿರು ಆಹಾರ ಉದ್ದಿಮೆಗಳಿಗೆ 2020ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಬ್ಯಾಂಕ್ ಸಾಲದ ಜೊತೆ ಉದ್ದಿಮೆಯ ವೆಚ್ಚದ ಶೇ 35ರಷ್ಟು ಸಹಾಯಧನ, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಇತ್ತು. ಪರಿಚಯದವರು ಪಡೆದರು, ನಾವು ಪಡೆಯಲಿಲ್ಲ. ಕಾರಣ ಉಪ್ಪಾಗೆ: ಬೇಡಿಕೆ ಒಮ್ಮೆಲೇ ಏರಿದರೆ ಏನಾಗುತ್ತದೆಂದು ಅದರಲ್ಲಿ ಕಂಡಿದ್ದೆವು.

ಉಪ್ಪಾಗೆ ನಮ್ಮ ಕಾನಿನ ಮರ, ಮುರುಗಲಿನ ಬಳಗದ್ದು. ಅದರ ಒಣಸಿಪ್ಪೆ ಹುಳಿಗೆ, ಬೀಜ ತುಪ್ಪಕ್ಕೆ. ಮಳೆಗಾಲದಲ್ಲಿ ಹಣ್ಣು ಬಿದ್ದಾಗ ಹೆಕ್ಕಿ ತಂದು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವ ವಸ್ತುವಾಗಿತ್ತು. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಇಳಿಸುತ್ತದೆಂದು 1990ರ ದಶಕದಲ್ಲಿ ವಿದೇಶಗಳಲ್ಲಿ ಸುದ್ದಿಯಾಯಿತು, ಬೆಲೆ ಏರಿತು. ನಾಳೆ ಬೇರೆಯವರು ಕೊಯ್ದಾರು ಎಂದು ಇವತ್ತೇ ಎಳೆಗಾಯಿ ಕೊಯ್ದರು, ಹತ್ತಲಾರದವರು ಕೊಂಬೆಯನ್ನೇ ಕಡಿದರು, ಮಳೆಯಲ್ಲಿ ಸಿಪ್ಪೆ ಒಣಗಿಸಲು ಕಾಡಿನ ಕಟ್ಟಿಗೆ ರಾಶಿ ರಾಶಿ ಉರಿಯಿತು. ಮರಕ್ಕೆ ಯಾರೂ ಕೆಟ್ಟದ್ದು ಬಯಸಿರಲಿಲ್ಲ, ಕೇಳುವವರು ಮಾತ್ರ ಒಮ್ಮೆಲೇ ಹೆಚ್ಚಾಗಿಬಿಟ್ಟಿದ್ದರು. ಮಾವನವರು ಆ ಕಥೆಯನ್ನು ಹೇಳುವಾಗ ಪ್ರತಿ ಸಲವೂ ಒಂದು ನಿರ್ದಿಷ್ಟ ಮರದ ಹತ್ತಿರ ಬಂದು ಮಾತು ನಿಲ್ಲಿಸುತ್ತಿದ್ದರು.

ಹೋದ ವರ್ಷ ಬೆಂಗಳೂರಿನ ಒಂದು ಅಂಗಡಿಯವರು ವರ್ಷಕ್ಕೆ ಎರಡು ಸಾವಿರ ಸೀಸೆ ಮಿಡಿ ಉಪ್ಪಿನಕಾಯಿ ಕೊಡಿ ಎಂದು ಕೇಳಿದರು. ಬೆಲೆ ಒಳ್ಳೆಯದಿತ್ತು. ನಮ್ಮ ಎರಡು ಮರದಿಂದ ಅದು ಆಗುವ ಮಾತಲ್ಲ. ಹೊಳೆದಂಡೆಯ ಮರಗಳ ಮಿಡಿ ಕೊಂಡು ತರಬೇಕು, ಅಥವಾ ಹಲಸು ಮುರುಗಲು ತೆಗೆದು ಅಪ್ಪೆಯ ಕಸಿ ಗಿಡ ಸಾಲಾಗಿ ನೆಡಬೇಕು. ಮೂರು ರಾತ್ರಿ ಮಾತಾಡಿದೆವು. ಮಗಳ ಕಾಲೇಜಿನ ಖರ್ಚು ಎದುರಿಗಿದೆ, ಎಲೆಚುಕ್ಕಿ ರೋಗ ಅಡಿಕೆಯನ್ನು ತಿನ್ನುತ್ತಿದೆ. ಸುಲಭದ ತೀರ್ಮಾನವಾಗಿರಲಿಲ್ಲ, ಈಗಲೂ ಅನ್ನಿಸುತ್ತಿಲ್ಲ. ಕೊನೆಗೆ ಇನ್ನೂರು ಸೀಸೆ ಕೊಡುತ್ತೇವೆ, ಮಿಡಿ ಕಡಿಮೆಯಾದ ವರ್ಷ ನೂರು ಎಂದು ಬರೆದೆವು. ಅವರು ಒಪ್ಪಲಿಲ್ಲ. ಬೇಲಿಯಂಚಿನ ಖಾಲಿ ಜಾಗದಲ್ಲಿ ಮಾತ್ರ ನಾಲ್ಕು ಕಸಿ ಗಿಡ ನೆಟ್ಟೆವು, ನಾಲ್ಕೂ ಬೇರೆ ಬೇರೆ ಹೆಸರಿನವು.

ಈ ವರ್ಷ ಭರಣಿ ಮಳೆ ಮೇ ಮೊದಲ ವಾರ, ರಾತ್ರಿ ಎಂಟಕ್ಕೆ ಬಂತು. ಗುಡುಗಿನ ಜೊತೆ ಕರೆಂಟು ಹೋಯಿತು. ಚಾಪೆಗಳೆಲ್ಲ ಸಂಜೆಯೇ ಒಳಗೆ ಬಂದಿದ್ದವು, ಕೊನೆಯ ಹಲಸಿನ ನೂರು ಹಪ್ಪಳ ಜಗುಲಿಯ ಹಗ್ಗದ ಮಂಚದ ಮೇಲೆ ಇನ್ನೂ ಸ್ವಲ್ಪ ಮೆತ್ತಗಿದ್ದವು. ಮರದ ತುದಿಯಲ್ಲಿ ಎಂಟು ಹತ್ತು ಕಾಯಿ ಉಳಿದಿವೆ, ಅದು ಮಂಗಕ್ಕೆ, ಅಳಿಲಿಗೆ. ಮಗಳು ಟಾರ್ಚ್ ಹಿಡಿದು ಸೀಸೆಗಳಿಗೆ ತಾರೀಖು ಬರೆಯುತ್ತಿದ್ದಳು. ಕತ್ತಲಲ್ಲಿ ಅತ್ತೆಯ ದನಿ ಕೇಳಿತು: ‘ದೊಡ್ಡ ಭರಣಿಯ ಬಾಯಿ ಕಟ್ಟಿದೆಯಾ?’ ಕಟ್ಟಿದ್ದೆ. ಆದರೂ ಎದ್ದು ಹೋಗಿ ಬಟ್ಟೆಯ ಗಂಟನ್ನು ಇನ್ನೊಮ್ಮೆ ಮುಟ್ಟಿ ನೋಡಿ ಬಂದೆ.